ಕಿಟಕಿಯಾಗಿನ ಹಸರು

ಉಪ್ಪಿನ ಸತ್ಯಾಗ್ರಹದ ವರ್ಷ ಧಾರವಾಡದಾಗ ಪಾದ್ರಿಯೊಬ್ರು ಹೊಸಾ ಚರ್ಚು ಕಟ್ಟಿಸಿದ್ರು. ಅದರ ಚೂಪು ಕಮಾನು ಕಟ್ಟಿದಾಂವ ನಮ್ಮಪ್ಪ, ಗೌಂಡಿ ಮೈಲಾರಪ್ಪ. ಕಲ್ಲಿಗೆ ಕಲ್ಲು ಹೆಂಗ ಕೂಡಿಸಿದ್ದ ಅಂದ್ರ, ನಡುವ ಕೂದಲೆಳಿ ಸುದ್ದಾ ಹೋಗೂದಿಲ್ರಿ!

ಆ ಕಮಾನಿನಾಗ ಕೂಡಸಾಕ ವಿಲಾಯತಿಯ ಹಳೇ ಹಳ್ಳಿ ಚರ್ಚಿನ ಬಣ್ಣದ ಗಾಜಿನ ಕಿಟಕಿ ಹಡಗಿನ್ಯಾಗ ಬಂತು. ನೂರಾರು ವರ್ಷದ್ದಂತ. ಬರೂ ದಾರ್ಯಾಗ ಅದರಾಗಿನ ಮೇರಿ ತಾಯಿ ಚಿತ್ರದ ಸೆರಗಿನ ಹಸರ ಗಾಜೊಂದು ಒಡದಿತ್ತು.

ಅದಽ ತಿಂಗಳು ನನ್ನ ಗಂಡ ತೀರಿಕೊಂಡಿದ್ದ. ರಿವಾಜಿನಂಗ ನನ್ನ ಹಸರ ಬಳಿ ಒಡದು ಹಾಕಿದ್ರು. ಆ ಚೂರು ಅಪ್ಪ ಆರಿಸಿ ಇಟ್ಟಿದ್ದ. ಬಳಿ ಮಾಡೋರ ಭಟ್ಟಿಯಾಗ ಕರಗಿಸಿ, ಗಾಜು ಮಾಡಿಸಿ ತಂದು, ಆ ಸೆರಗಿನಾಗ ಕೂಡಿಸಿದ.

ಮರುದಿನ ಅಪ್ಪನ ಜೋಡಿ ನಾನೂ ಚರ್ಚಿಗೆ ಹೋದೆ. ಬಿಸಲು ಏರಿದಾಗ ಆ ಹಸರು ನೆಲಕ್ಕ ಬಿತ್ತು. ನಾ ಸುಮ್ಮನ ಅದರಾಗ ಕೈ ಚಾಚಿದೆ. ಬಿಸಲು ಚುರುಗುಡಲಿಲ್ರಿ, ಮಣಿಕಟ್ಟಿನ ಸುತ್ತ ಬಾವಿ ನೀರಿನಂಥಾ ಥಂಡಿ ಹತ್ತಿತು. ಕೈ ಅಲುಗಿಸಿದೆ. ಘಲ್ ಅಂತು.

ಪಾದ್ರಿ ತಿರುಗಿ ನೋಡಿ, "ಯಾರ ಬಳಿ ಸಪ್ಪಳ, ಗೌಂಡ್ಯಾರ?" ಅಂದ್ರು.

ಅಪ್ಪ ಕಿಟಕಿಯಿಂದ ಕಣ್ಣು ಕೀಳದಽ, "ನನ್ನ ಮಗಳು ಹುಲಿಗೆವ್ವಂದ್ರಿ," ಅಂದ. ಎದಿ ಉಬ್ಬಿಸಿ ಅಂದ.

ಗಾಬರಿಯಾಗಿ ಬೆಳಕಿನಿಂದ ಕೈ ಎಳಕೊಂಡೆ. ಸಪ್ಪಳ ನಿಲ್ಲಲಿಲ್ಲ.

ಸಂಜೀಕ ಮನಿಗೆ ಹೊಂಟಾಗ ಅದೂ ನನ್ನ ಜೋಡಿ ಬಂತು. ಕಟ್ಟಿ ಮ್ಯಾಲ ಕುಂತ ಓಣಿ ಹೆಣ್ಣಮಕ್ಕಳು ಅದನ್ನ ಕೇಳಿ, ನನ್ನ ಬರಿಗೈ ನೋಡಿ, ತಂತಮ್ಮ ಬಳಿ ಹಿಡಕೊಂಡ್ರು. ನಾ ತಲಿ ಎತ್ತಿ, ಕೈ ಬೀಸಿಕೋಂತ ನಡದೆ.