ಮೂಲೆಯ ಪೀಪಾಯಿ

“ಉಳಿದದ್ದೆಲ್ಲ ನಿಮ್ಮದೇ ಅಳಿಯಂದಿರೇ. ಆ ಮೂಲೆ ಪೀಪಾಯಿ ಒಂದನ್ನ ಮುಟ್ಟಬೇಡಿ,” ಎಂದು ಅತ್ತೆ ನೆಲಮಾಳಿಗೆಯ ಮೆಟ್ಟಿಲ ಮೇಲೆಯೇ ನಿಂತು ಹೇಳಿದರು. ಕೆಳಗಿಳಿಯಲಿಲ್ಲ.

ಅಳಿಯ ವೈನ್ ತಯಾರಿಕೆ ಓದಿಕೊಂಡವನು. ಮದುವೆಯಾದ ಮೇಲೆ ಹೆಂಡತಿಯ ತವರಿನ ಕಸುಬಿಗೇ ಕೈಹಾಕಿದ್ದ. ಕೆಂಪು, ಬಿಳಿ, ನೊರೆಯುಕ್ಕುವ ವೈನು ಎಲ್ಲವೂ ಅಲ್ಲಿ ತಲೆಮಾರುಗಳಿಂದ ಹಳೆಯ ಕ್ರಮದಲ್ಲೇ ಆಗುತ್ತಿದ್ದವು. ಮೂಲೆಯ ಪೀಪಾಯಿಯದೂ ಹಳೆಯ ಕತೆ. ಹೆಂಡತಿಯ ಅಜ್ಜನ ತಂಗಿಗೆ ಪಾಲು ಕೊಡದೆ ಅಣ್ಣಂದಿರು ಹೊರಗಟ್ಟಿದ್ದರಂತೆ. ಹೊರಡುವ ಮೊದಲು ಅವಳು ಮಾಟ ಮಾಡಿಸಿ, ತನ್ನ ಕೂದಲನ್ನು ಅದರೊಳಗೆ ಹಾಕಿ, ಬಿರಡೆಗೆ ಕಪ್ಪು ದಾರ ಬಿಗಿದಳಂತೆ. ಇದನ್ನು ಕುಡಿದವರು ತಮ್ಮವರ ರಕ್ತವನ್ನೇ ಕುಡಿಯಲಿ ಎಂದಳಂತೆ.

“ಒಂದು ಎಳೆ ಕೂದಲಿಗೆ ಹೆದರಿ ಒಳ್ಳೇ ವೈನನ್ನ ಕೊಳೆ ಹಾಕಿದ್ದೀರಲ್ಲ ಅತ್ತೆ,” ಎಂದು ಅವನು ನಕ್ಕ. ಹೆಂಡತಿ ನಗಲಿಲ್ಲ.

ಎಲ್ಲರೂ ಅಂಗಳದಲ್ಲಿ ದ್ರಾಕ್ಷಿ ಹಿಂಡುತ್ತಿದ್ದ ಹೊತ್ತಿನಲ್ಲಿ ದೀಪ ಹಿಡಿದು ಒಬ್ಬನೇ ಇಳಿದ. ಹುದುಗಿನ ಹುಳಿ, ಒದ್ದೆ ಮರದ ಮುಗ್ಗಲು ವಾಸನೆ. ಕತ್ತಲಲ್ಲೆಲ್ಲೋ ನೊರೆವೈನಿನ ಸೀಸೆಯೊಂದು ಒತ್ತಡ ತಾಳದೆ ಟಪ್ಪೆಂದು ಒಡೆಯಿತು. ದಾರ ಕತ್ತರಿಸಿದ. ಒಳಗಿನ ವೈನು ಬೆಚ್ಚಗಿತ್ತು. ಅಂಥ ರುಚಿಯನ್ನು ಅವನ ನಾಲಿಗೆ ಎಂದೂ ಕಂಡಿರಲಿಲ್ಲ.

ದಿನವೂ ಇಳಿಯತೊಡಗಿದ. ಎಷ್ಟು ಕುಡಿದರೂ ಪೀಪಾಯಿ ತುಂಬಿಯೇ ಇರುತ್ತಿತ್ತು. ಮೇಲೆ ಹೆಂಡತಿ ಬಿಳಿಚಿಕೊಳ್ಳುತ್ತಾ ಹಾಸಿಗೆ ಹಿಡಿದಳು. ಡಾಕ್ಟರು ರಕ್ತ ಏರಿಸಿದರು. ಏರಿಸಿದ್ದೆಲ್ಲ ಎಲ್ಲಿ ಹೋಗುತ್ತಿದೆಯೆಂದು ಅವರಿಗೂ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಅವನು ಮುತ್ತಿಡಲು ಬಗ್ಗಿದಾಗ ಅವಳು ಮುಖ ತಿರುಗಿಸಿದಳು.

“ನಿಮ್ಮ ಬಾಯಲ್ಲಿ ನನ್ನ ವಾಸನೆ ಬರ್ತಿದೆ,” ಎಂದಳು.

ಅವನು ಅಂದೇ ಕುಡಿಯುವುದನ್ನು ಬಿಟ್ಟ. ಬಿರಡೆ ಬಿಗಿದು ಹೊಸ ದಾರ ಸುತ್ತಿದ. ಆದರೂ ಅದು ನಿಲ್ಲಲಿಲ್ಲ, ಪೀಪಾಯಿಯ ಹಲಗೆಗಳ ಸಂದಿನಿಂದ ಕೆಂಪು ತಾನಾಗಿ ಜಿನುಗತೊಡಗಿತು. ಕೊನೆಗೆ ಅತ್ತೆಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡು ದಾರಿ ಕೇಳಿದ.

“ಕಟ್ಟಿದವಳಿಗೇ ಗೊತ್ತು ಅದನ್ನ ಮುಚ್ಚೋದು. ಅವಳು ಸತ್ತು ಎಷ್ಟು ಕಾಲವಾಯ್ತೋ,” ಎಂದಷ್ಟೇ ಹೇಳಿ ಅತ್ತೆ ಮಗಳ ಕೋಣೆಗೆ ಹೋದರು.

ಅವನು ಕೊಡಲಿ ತೆಗೆದುಕೊಂಡು ಕೆಳಗೆ ಓಡಿದ. ಪೀಪಾಯಿಯೇ ಇಲ್ಲದಿದ್ದರೆ ಮಾಟವೆಲ್ಲಿ? ಬೀಸಿದ. ಹಲಗೆ ಬಿರಿಯಿತು. ಮತ್ತೆ ಬೀಸಿದ. ಕಬ್ಬಿಣದ ಪಟ್ಟಿ ಹರಿಯಿತು. ಒಮ್ಮೆಲೇ ನುಗ್ಗಿತು. ಬಿಸಿ. ಕಡುಗೆಂಪು. ಮೊಣಕಾಲು ತೋಯಿತು. ಚರಂಡಿಯ ಕಡೆಗೆ ಹರಿಯಿತು. ಮೇಲಿನಿಂದ ಅತ್ತೆಯ ಕೂಗು. ಒಂದೇ ಕೂಗು.

ಆಗ ಅವನಿಗೆ ಹೊಳೆಯಿತು. ಕೊಡಲಿ ಬಿಸಾಕಿದ. ನೆಲಕ್ಕೆ ಬಿದ್ದು ಬೊಗಸೆಯಲ್ಲಿ ಬಾಚಿದ. ಬೆರಳ ಸಂದಿನಲ್ಲಿ ಸೋರಿತು. ಅಂಗಿ ಬಿಚ್ಚಿ ಒರೆಸಿ ಹೂಜಿಗೆ ಹಿಂಡಿದ. ಮೆಟ್ಟಿಲು ಹತ್ತಿ ಓಡಿದ.

ಅವಳು ಒಣಗಿದ ಬಿಳಿ ಬಟ್ಟೆಯಂತೆ ಮಲಗಿದ್ದಳು. ಹೂಜಿಯನ್ನು ಬಾಯಿಗಿಟ್ಟು ಸುರಿದ. ಕಟಬಾಯಿಯಿಂದ ದಿಂಬಿಗೆ ಇಳಿಯಿತು. ಮತ್ತೆ ಸುರಿದ.

ಅತ್ತೆ ಮಗಳ ತಲೆಯನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

“ನಿಧಾನಕ್ಕೆ ಕುಡಿಸಪ್ಪ,” ಎಂದರು. “ನೆತ್ತಿಗೆ ಹತ್ತೀತು.”