ಒಂಟೆ ಸಾಹೇಬರ ಸೀನು

"ನಿಮ್ಮ ಮನೆಯವರು ಒಂದು ದಿನವಾದ್ರೂ ಮಗುಗೆ ಓದಿ ಹೇಳೋದಿಲ್ವಾ?" ಎಂದು ಲೈಬ್ರರಿಯವನು ಮೊದಲ ಸಲ ಕೇಳಿದಾಗ, ಅವಳು ಚಡ್ಡಿ ಕಳೆದುಕೊಂಡ ಆನೆಯ ಪುಸ್ತಕ ವಾಪಸ್ ಕೊಡುತ್ತಿದ್ದಳು.

"ಮನೆಯವರಿಗೆ ಪುರುಸೊತ್ತೆಲ್ಲಿದೆ? ಕೆಲಸದಿಂದ ಬಂದ್ರೆ ಸೋಫಾ ಬಿಟ್ಟು ಏಳಲ್ಲ."

ಅವಳು ಹೇಳಿದ್ದು ಅಣ್ಣ ಅತ್ತಿಗೆಯ ವಿಷಯ. ಅವನಿಗೆ ಕೇಳಿಸಿದ್ದು ಗಂಡನ ವಿಷಯ. ಪಾಪ, ಮನುಷ್ಯ ತನ್ನ ಆಸೆಗೆ ತಾನೇ ಮಣ್ಣು ಹಾಕಿಕೊಂಡು, ತಿಂಗಳುಗಟ್ಟಲೆ ಅವಳ ಮುಖ ನೋಡದೆ ಪುಸ್ತಕಗಳಿಗೆ ಸೀಲು ಒತ್ತಿದ. ಸೀಲು ಮಾತ್ರ ಅಡ್ಡಾದಿಡ್ಡಿ ಬೀಳುತ್ತಿತ್ತು.

ಕೊನೆಗೊಂದು ಮಧ್ಯಾಹ್ನ ಮಗುವೇ ಕೌಂಟರಿನ ಮೇಲೆ ಗದ್ದ ಇಟ್ಟು ಸಾರಿತು. "ಇವಳು ಅಮ್ಮ ಅಲ್ಲ, ಅತ್ತೆ. ಇವಳಿಗೆ ಮದುವೇನೇ ಆಗಿಲ್ಲ. ಯಾರೂ ಸಿಕ್ಕಿಲ್ವಂತೆ!"

ಇಡೀ ಲೈಬ್ರರಿ ತಿರುಗಿ ನೋಡಿತು. ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವನು ತಲೆಯ ಮೇಲೇರಿಸಿದ್ದ ಕನ್ನಡಕವನ್ನು ಮೇಜಿನ ಮೇಲೆಲ್ಲ ಹುಡುಕಿದ. ಆಮೇಲೆ ಅವನ ಎಡಹುಬ್ಬು ಮೆಲ್ಲಗೆ ಮೇಲೇರಿತು, ತುಟಿಯ ಒಂದು ತುದಿ ಅದರ ಹಿಂದೆಯೇ ಹೋಯಿತು. ಅವತ್ತಿನ ಸೀಲು ನೆಟ್ಟಗೆ ಬಿತ್ತು.

ಮಗುವಿಗೆ ಮನೆಯಲ್ಲಿ ಇಟ್ಟ ಅಡ್ಡಹೆಸರು ಪಿಟೀಲು. ರಾಗ ಎಳೆಯಲು ಶುರುಮಾಡಿದರೆ ಬೀದಿಯ ಕೊನೆಯವರೆಗೆ ಕೇಳುತ್ತಿತ್ತು. ತಮಾಷೆಯ ಚಿತ್ರಪುಸ್ತಕ ಇಲ್ಲದೆ ಅವಳು ಊಟಕ್ಕೆ ಬಾಯಿ ತೆರೆಯುತ್ತಿರಲಿಲ್ಲ, ಅದನ್ನು ಅತ್ತೆಯೇ ಓದಬೇಕಿತ್ತು. ಪುಟಕ್ಕೊಂದು ತುತ್ತು. ಪುಸ್ತಕ ಮುಗಿದು ತಟ್ಟೆ ಮುಗಿಯದಿದ್ದರೆ, "ಇನ್ನೊಂದ್ಸಲ." ಬೆಳಿಗ್ಗೆ ಹೀಗೆ, ಮಧ್ಯಾಹ್ನ ಹೀಗೆ, ಸಂಜೆಯೂ ಹೀಗೆಯೇ.

ಅತ್ತಿಗೆ ಮತ್ತೆ ಬ್ಯಾಂಕಿಗೆ ಹೋಗಲು ಶುರುಮಾಡಿದಾಗ, "ಸ್ವಲ್ಪ ದಿನ ಬಂದಿರು" ಎಂದು ಅಣ್ಣ ಕರೆದಿದ್ದ. ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವಳು ರಜೆ ಹಾಕಿ ಬಂದಳು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಕೈಗೂಸಾಗಿದ್ದ ಪಿಟೀಲಿಗೆ ನಾಲ್ಕು ವರ್ಷ ತುಂಬಿತು, ಪ್ರೆಸ್ಸಿನವರು ಬೇರೆಯವರನ್ನು ಇಟ್ಟುಕೊಂಡರು. ಜಗಳವಾಡಿ ಹೊರಟುಬಿಡೋಣ ಎಂದರೆ ಮನೆಯಲ್ಲಿ ಯಾರೂ ಕೆಟ್ಟವರಲ್ಲ. "ನೀನಿಲ್ದಿದ್ರೆ ನಮ್ಮ ಗತಿ ಏನೇ?" ಎಂದು ಅತ್ತಿಗೆ ತಬ್ಬಿಕೊಳ್ಳುತ್ತಿದ್ದಳು. ಆ ಅಪ್ಪುಗೆಯಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು. ಮಗುವಿನ ಕೋಣೆಯಲ್ಲೇ ಅವಳ ಮಡಚುವ ಮಂಚ. ಅದನ್ನು ಬಿಡಿಸಿದರೆ ಬೀರುವಿನ ಬಾಗಿಲು ತೆರೆಯುತ್ತಿರಲಿಲ್ಲ, ಬೀರು ತೆರೆಯಬೇಕೆಂದರೆ ಅವಳು ಎದ್ದು ನಿಂತು ಮಂಚ ಮಡಚಬೇಕಿತ್ತು.

ಅವಳಿಗೆ ಅಂತ ಇದ್ದದ್ದು ಶನಿವಾರ ಮಧ್ಯಾಹ್ನದ ಲೈಬ್ರರಿ ಮಾತ್ರ. ಪಿಟೀಲು ಮೂಲೆಯ ಮರದ ಕುದುರೆ ಹತ್ತುತ್ತಿದ್ದಳು. ಅವಳೂ ಲೈಬ್ರರಿಯವನೂ ಮಕ್ಕಳ ಕಪಾಟಿನ ಮುಂದೆ ನೆಲದ ಮೇಲೆ ಕೂತು ಪುಸ್ತಕ ಆರಿಸುತ್ತಿದ್ದರು.

"ಇದು?"

"ಬೇಡ. ಕೊನೇ ಪುಟದಲ್ಲಿ ನೀತಿ ಹೇಳಿ ಕಿವಿ ಹಿಂಡುತ್ತೆ."

"ಹಾಗಾದ್ರೆ ಈ ಕಪ್ಪೆ?"

"ಚೆನ್ನಾಗಿದೆ, ಆದ್ರೆ ನಗು ಈ ಪುಟದಲ್ಲೇ ಕಂಡುಬಿಡ್ತು ನೋಡಿ. ತಿರುಗಿಸಿದ ಮೇಲೆ ಸಿಗಬೇಕು. ಮೊದಲೇ ಸಿಕ್ಕಿದ್ರೆ ಮಕ್ಕಳು ಮೋಸ ಹೋದೆವು ಅಂದ್ಕೋತಾರೆ."

"ದೊಡ್ಡವರು?"

"ದೊಡ್ಡವರಿಗೆ ಪುಟ ತಿರುಗಿಸೋಕೇ ಭಯ." ಅವನು ಕಪ್ಪೆಯನ್ನು ನೋಡುತ್ತ ಹೇಳಿದ. ಅವಳು ಅವನ ಕಿವಿ ಕೆಂಪಾಗುವುದನ್ನು ನೋಡುತ್ತ ಕೇಳಿಸಿಕೊಂಡಳು. ಇಬ್ಬರ ಬೆರಳೂ ಒಂದೇ ಪುಟದ ತುದಿಯಲ್ಲಿದ್ದವು. ಯಾರೂ ತಿರುಗಿಸಲಿಲ್ಲ, ಯಾರೂ ಬಿಡಲಿಲ್ಲ.

ಅವತ್ತೇ ಅವನು ಹೇಳಿದ್ದು. "ನನಗೆ ವರ್ಗ ಆಗಿದೆ. ತಿಂಗಳ ಕೊನೆಗೆ ಹೋಗ್ಬೇಕು. ಆ ಊರಲ್ಲೂ ಪ್ರೆಸ್ ಇದೆ, ವಿಚಾರಿಸಿದ್ದೀನಿ. ನನ್ನ ಜೊತೆ ಬರ್ತೀರಾ? ಮದುವೆ ಆಗಿ ಬರ್ತೀರಾ ಅಂತ ಕೇಳ್ತಿರೋದು. ಈ ಸಲ ಅರ್ಥ ಕೆಡಬಾರದು, ಅದಕ್ಕೇ ಬಿಡಿಸಿ ಹೇಳಿದೆ."

ಅವಳ ಎದೆ ಹೌದು ಅಂದಿತು. ಬಾಯಿ ಮಾತ್ರ, "ಅವಳ ಊಟ?" ಅಂದಿತು.

"ನಿಮ್ಮಣ್ಣ ಓದಿದ್ರಾಗಲ್ವಾ? ಕನ್ನಡ ಬರುತ್ತೆ ತಾನೆ?"

ಆ ಸಂಜೆ ಅವಳು ಧೈರ್ಯ ಮಾಡಿ ಸೀನುವ ಒಂಟೆಯ ಪುಸ್ತಕವನ್ನೂ ತಟ್ಟೆಯನ್ನೂ ಅಣ್ಣನ ಕೈಗೆ ಕೊಟ್ಟಳು. ಅಣ್ಣ ಕನ್ನಡಕದ ಅಂಗಡಿ ಇಟ್ಟವನು, ಅಕ್ಷರಕ್ಕೆ ಹೆದರುವವನಲ್ಲ. ಗಂಟಲು ಸರಿಮಾಡಿಕೊಂಡು ಓದಿದ. "ಒಂಟೆಗೆ ಸೀನು ಬಂತು."

"ತಪ್ಪು!" ಎಂದಳು ಪಿಟೀಲು.

"ಇಲ್ಲೇ ಬರೆದಿದೆಯಲ್ಲ, ಪುಟ್ಟಾ. ಒಂಟೆಗೆ ಸೀನು…"

"ಹಾಗಲ್ಲ! ಅಪ್ಪಂಗೆ ಓದೋಕೇ ಬರಲ್ಲ!" ರಾಗ ಶುರುವಾಯಿತು. ತುತ್ತು ಗೋಡೆಗೆ ಬಡಿಯಿತು. ಅಣ್ಣ ಪುಸ್ತಕವನ್ನು ತಂಗಿಯ ಮಡಿಲಿಗಿಟ್ಟು, "ನಿನ್ನ ಕೈಗುಣ ನನಗೆಲ್ಲಿ ಬರಬೇಕು?" ಎಂದು ನಗುತ್ತ ಎದ್ದುಹೋದ. ಅವನಿಗೆ ಅದು ಹೊಗಳಿಕೆ. ಅವಳಿಗೆ ಹೊರಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿದಂತಾಯಿತು.

ಮುಂದಿನ ಶನಿವಾರ ಅವಳು ಪುಸ್ತಕವನ್ನು ಕೌಂಟರಿನ ಮೇಲೆ ಕುಕ್ಕಿದಳು. "ಆಗಲ್ಲ. ನಾನು ಓದಿದ್ರೇ ಅವಳು ತಿನ್ನೋದು. ನೀವು ಹೋಗಿ. ನನ್ನ ಆಸೆ ಬಿಡಿ."

"ನನಗೆ ಒಂದು ಸಲ ಓದಿ ತೋರಿಸಿ, ಆಮೇಲೆ ಬಿಡ್ತೀನಿ."

ಸಿಟ್ಟಿನಲ್ಲೇ ಓದಿದಳು. "ಒಂಟೆ ಸಾಹೇಬರು ಮೂಗಿನಲ್ಲೇ ಪಟಾಕಿ ಹೊಡೆದರು. ಪಕ್ಕದ ಮನೆ ಕೋಳಿಯಮ್ಮ, 'ಏನ್ರೀ ಸಾಹೇಬ್ರೇ, ನಮ್ಮ ಮೊಟ್ಟೆ ಒಡೆದ್ರೆ ನೀವು ಇಟ್ಟುಕೊಡ್ತೀರಾ?' ಅಂದಳು."

ಅವನು ಬಗ್ಗಿ ಪುಟ ನೋಡಿದ, ಅವಳ ಮುಖ ನೋಡಿದ, ಮತ್ತೆ ಪುಟ ನೋಡಿದ. "ಕೋಳಿಯಮ್ಮ ಇಲ್ಲಿ ಎಲ್ಲಿದ್ದಾಳೆ?"

"ಇಲ್ಲ. ಆ ವಾಕ್ಯ ಸಪ್ಪೆಯಾಗಿತ್ತು, ತಿದ್ದಿದೆ."

"ಎಲ್ಲಾ ಪುಸ್ತಕನೂ ತಿದ್ದಿದ್ದೀರಾ?"

ಆಗಲೇ ಅವಳಿಗೆ ಹೊಳೆದದ್ದು. ಪ್ರೂಫ್ ನೋಡುವ ಕೈ ಸುಮ್ಮನಿದ್ದೀತೇ? ಒಂದೊಂದು ಪುಸ್ತಕವನ್ನೂ ಮನಸ್ಸಿಗೆ ಬಂದಂತೆ ಬದಲಾಯಿಸಿ ಓದಿದ್ದಳು. ಪಿಟೀಲಿಗೆ ಅದೇ ಬಾಯಿಪಾಠ. ಆ ಮಾತು ಯಾವ ಪುಟದಲ್ಲೂ ಇಲ್ಲ, ಬೇರೆ ಯಾರು ಓದಿದರೂ ತಪ್ಪೇ. ಮನೆಯವರು ಕಟ್ಟಿಹಾಕಿದ್ದು ಅರ್ಧ, ಉಳಿದರ್ಧ ಗಂಟು ಅವಳೇ ಹಾಕಿಕೊಂಡದ್ದು.

ಅವನು ನಗಲಿಲ್ಲ. ಮೇಲಿನ ಸಾಲಿನಿಂದ ಒಂದು ಪುಸ್ತಕ ಇಳಿಸಿ ಕೊಟ್ಟ. ಕ್ಷೌರದಂಗಡಿಗೆ ಹೋದ ಸಿಂಹದ ಚಿತ್ರ. ಅವಳು ಪುಟ ತಿರುಗಿಸಿದಳು, ಇನ್ನೊಂದು ತಿರುಗಿಸಿದಳು. "ಇದರಲ್ಲಿ ಒಂದಕ್ಷರನೂ ಇಲ್ಲ."

"ಅದಕ್ಕೇ ಕೊಟ್ಟಿದ್ದು. ನೀವು ಬಾಯಿ ಬಿಡಬಾರದು. ಬಿಟ್ರೆ ಇದೂ ನಿಮ್ಮ ಪುಸ್ತಕವಾಗಿಬಿಡುತ್ತೆ."

ಆ ಸಂಜೆ ಸಿಂಹ ಕನ್ನಡಿಯ ಮುಂದೆ ಕೂತಿತು. ಅವಳ ನಾಲಗೆಯ ತುದಿಗೆ ಚಂದದ ಮಾತುಗಳು ಸಾಲಾಗಿ ಬಂದು ನಿಂತವು. ತುಟಿ ಕಚ್ಚಿ ಹಿಡಿದಳು.

"ಓದು, ಅತ್ತೆ."

ಅವಳು ಬರೇ ಪುಟ ತಿರುಗಿಸಿದಳು. ಪಿಟೀಲಿನ ಮೂಗು ಅರಳಿತು, ಗದ್ದ ನಡುಗಿತು, ರಾಗ ಇನ್ನೇನು ಹೊರಡಬೇಕು, ಅಷ್ಟರಲ್ಲಿ ಕಣ್ಣು ಚಿತ್ರದ ಮೇಲೆ ಬಿತ್ತು. ಸಿಂಹದ ತಲೆ ಬೋಳಾಗಿತ್ತು.

"ಅಯ್ಯೋ, ಇದು ತಾತನ ಥರ!" ಪಿಟೀಲು ಕಿಲಕಿಲ ನಕ್ಕಳು. ಪುಸ್ತಕ ಕಿತ್ತುಕೊಂಡು ಸೋಫಾಕ್ಕೆ ಓಡಿದಳು. "ಅಪ್ಪಾ, ನಿಂಗೆ ಓದೋಕೆ ಬರಲ್ಲ ಅಲ್ವಾ? ನಾನು ಓದ್ತೀನಿ. ಬಾಯಿ ತೆಗಿ! ಇಲ್ಲಾಂದ್ರೆ ಪುಟ ತಿರುಗಿಸಲ್ಲ."

ಅಣ್ಣ ಬಾಯಿ ತೆರೆದ. ಅವನಿಗೊಂದು ತುತ್ತು, ತನಗೊಂದು ತುತ್ತು. ಓದುವವಳ ರಾಜ್ಯ ಅದು. ಪುಸ್ತಕ ಮುಗಿದಾಗ ಅಣ್ಣನೇ, "ಇನ್ನೊಂದ್ಸಲ" ಅಂದ. ಯಾರೂ ಅತ್ತೆಯನ್ನು ಕರೆಯಲಿಲ್ಲ.

ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ನೀರಿನ ಸದ್ದಿನಲ್ಲಿ ಬಿಕ್ಕಿದ್ದು ಕೇಳಿಸದೆಂದುಕೊಂಡಳು. ಅತ್ತಿಗೆ ಬಂದು ನಲ್ಲಿ ನಿಲ್ಲಿಸಿದಳು. ಶನಿವಾರಗಳಂದು ನಾದಿನಿ ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾಳೆಂದು ಅವಳಿಗೇನು ಗೊತ್ತಿಲ್ಲವೇ?

"ಲೈಬ್ರರಿ ಇನ್ನೂ ಮುಚ್ಚಿರಲ್ಲ," ಎಂದಳು. "ಈಗಲೇ ಹೋಗು. ನಾಳೆ ಅಂದ್ರೆ, ಹೋಗಬೇಡ ಅಂತ ನಾನೇ ನಿನ್ನ ಕಾಲು ಹಿಡ್ಕೋತೀನಿ. ನಾನೂ ಸ್ವಾರ್ಥಿನೇ ಕಣೇ."

ಅವನು ಕಿಟಕಿಗಳನ್ನು ಮುಚ್ಚುತ್ತಿದ್ದ. ಏದುಸಿರು ಬಿಡುತ್ತ ಬಂದವಳನ್ನು ನೋಡಿ ಕಿಟಕಿಯ ಕೊಂಡಿ ಹಿಡಿದೇ ನಿಂತ.

"ಪಿಟೀಲು ಏನು ಮಾಡಿದಳು?"

"ನಕ್ಕಳು."

"ನೀವು?"

"ಅತ್ತೆ."

"ಅದು ಗೊತ್ತಿರೋದೇ ಅಲ್ವಾ, ನೀವು ಅವಳ ಅತ್ತೆ. ನಾನು ಕೇಳಿದ್ದು…"

"ಅತ್ತೆ ರೀ! ಕಣ್ಣೀರು ಹಾಕಿ ಅತ್ತೆ!" ಎಂದು ಮತ್ತೆ ಅತ್ತಳು, ಅಳುತ್ತಲೇ ನಕ್ಕಳು. "ಅಲ್ಲಿ ಯಾರಿಗೂ ನಾನು ಬೇಕಾಗ್ಲೇ ಇಲ್ಲ."

ಅವನು ಹತ್ತಿರ ಬಂದ. "ನನಗೆ ಬೇಕು."

"ಯಾವ ಕೆಲಸಕ್ಕೆ?" ಅವಳು ಕೇಳಿಯೇಬಿಟ್ಟಳು. ಇಷ್ಟು ವರ್ಷ ಬೇಕು ಅಂದವರೆಲ್ಲ ಒಂದು ಕೆಲಸಕ್ಕೇ ಬೇಕು ಅಂದಿದ್ದರು.

"ಅಡುಗೆ ನನಗೆ ಬರುತ್ತೆ. ಬಟ್ಟೆ ನಾನೇ ಒಗೀತೀನಿ. ಓದೋಕೂ ಬರುತ್ತೆ, ಬರೆದಿದ್ದನ್ನ ಬರೆದ ಹಾಗೆ." ಅವನು ಸ್ವಲ್ಪ ಯೋಚಿಸಿದ. "ಯಾವ ಕೆಲಸಕ್ಕೂ ಅಲ್ಲ. ಸುಮ್ನೆ ಬೇಕು."

ಅವಳಿಗೆ ಆ ವಾಕ್ಯದಲ್ಲಿ ತಿದ್ದುವುದಕ್ಕೆ ಏನೂ ಕಾಣಲಿಲ್ಲ.

"ಬರ್ತೀನಿ," ಎಂದಳು.