ಹತ್ತು ಸೆಕೆಂಡಿನ ಆಕಾಶ

ಮೋಡ ಸತ್ತಳು. ಸತ್ತ ಕೂಡಲೇ ಮೆಲ್ಲಗೆ ಮೇಲಕ್ಕೆ ತೇಲತೊಡಗಿದಳು.

“ಮತ್ತೆ ಸತ್ತು ಹೋದ್ಯಾ!” ಪಕ್ಕದ ಕುರ್ಚಿಯಿಂದ ಅಣ್ಣ ಕಿರುಚಿದ. “ಹಲ್ಲುನೋವು ನನ್ನ ಬೆನ್ನು ಹತ್ತಿದಾನೆ. ಬೇಗ ಬಾರೇ!”

ಗಾಬರಿಯಾಗಬೇಡಿ, ಇದು ಗೇಮ್. ಮೋಡ ಅನ್ನುವುದು ಅವಳು ಗೇಮಿನಲ್ಲಿ ಇಟ್ಟುಕೊಂಡ ಹೆಸರು. ಅಣ್ಣನ ಹೆಸರು ಸುತ್ತಿಗೆ. ಎದುರು ತಂಡದಲ್ಲಿ ಅಣ್ಣನ ಹೈಸ್ಕೂಲಿನ ಇಬ್ಬರು ಹುಡುಗರು, ಅವರವರ ಮನೆಯಲ್ಲಿ ಕೂತು ಆಡುತ್ತಿದ್ದರು. ಒಬ್ಬ ಹಲ್ಲುನೋವು, ಇನ್ನೊಬ್ಬ ಕಟ್ಟಿರುವೆ. ಇಂಥ ಹೆಸರಿನವರ ಕೈಲಿ ಸೋಲುವುದು ಯಾರಿಗೆ ತಾನೇ ಇಷ್ಟ?

ಅಪ್ಪನದು ಕಂಪ್ಯೂಟರ್ ರಿಪೇರಿ ಅಂಗಡಿ. ಭಾನುವಾರ ಮಧ್ಯಾಹ್ನ ಅದರ ಶಟರ್ ಅರ್ಧ ಇಳಿದಿರುತ್ತದೆ. ಆಗ ಎರಡು ಹಳೇ ಕಂಪ್ಯೂಟರು ಮಕ್ಕಳ ಪಾಲಿಗೆ. ಅಪ್ಪ ಮೂಲೆಯಲ್ಲಿ ಕೂತು ಸಣ್ಣ ಸ್ಕ್ರೂಗಳನ್ನು ಬಾಟಲಿ ಮುಚ್ಚಳಗಳಿಗೆ ವಿಂಗಡಿಸುತ್ತಿರುತ್ತಾರೆ.

ಗೇಮ್ ನಡೆಯುವುದು ಆಕಾಶದಲ್ಲಿ ತೇಲುವ ಕೋಟೆಯೊಂದರಲ್ಲಿ. ಗಾಳಿಗೋಪುರ ಕಟ್ಟೋದು ಅನ್ನುತ್ತಾರಲ್ಲ, ಅದನ್ನು ಯಾರೋ ನಿಜವಾಗಿಯೂ ಕಟ್ಟಿಬಿಟ್ಟಿದ್ದರು. ಅಲ್ಲಿ ಓಡುತ್ತಲೇ ಇರಬೇಕು, ನೆಗೆಯುತ್ತಲೇ ಇರಬೇಕು, ಗುಂಡು ಹಾರಿಸುತ್ತಲೇ ಇರಬೇಕು. ಕಣ್ಣು ಮಿಟುಕಿಸಿದರೆ ಕಥೆ ಮುಗಿಯಿತು. ಸತ್ತವರಿಗೆ ಮಾತ್ರ ಹತ್ತು ಸೆಕೆಂಡು ರಜ. ಆ ಹತ್ತು ಸೆಕೆಂಡು ಎಲ್ಲಿ ಬೇಕಾದರೂ ತೇಲಬಹುದು, ಯಾರ ಗುಂಡೂ ತಾಗುವುದಿಲ್ಲ. ಆಮೇಲೆ ಕೋಟೆಯ ಯಾವುದಾದರೊಂದು ಮೂಲೆಯಲ್ಲಿ ಮತ್ತೆ ಹುಟ್ಟಬೇಕು. ಒಬ್ಬರು ಸತ್ತರೆ ಎದುರು ತಂಡಕ್ಕೆ ಒಂದು ಪಾಯಿಂಟು, ಮೊದಲು ಇಪ್ಪತ್ತು ಮುಟ್ಟಿದವರು ಗೆದ್ದಂತೆ.

ಮೋಡಳಿಗೆ ಆ ಹತ್ತು ಸೆಕೆಂಡೇ ಇಷ್ಟ. ಮೇಲೆ ಹೋದಂತೆ ಗದ್ದಲ ಸಣ್ಣದಾಗುತ್ತಿತ್ತು. ಕೋಟೆಯ ಅಂಚಿನಿಂದ ಜಲಪಾತ ಸದ್ದಿಲ್ಲದೆ ಕೆಳಗೆ ಇಳಿದು, ಎಲ್ಲೂ ಬೀಳದೆ ಮಾಯವಾಗುತ್ತಿತ್ತು. ಎತ್ತರದ ಗೋಪುರದ ಒಳಚಾವಣಿಯಲ್ಲಿ ಯಾರೋ ನಕ್ಷತ್ರ ಬರೆದಿದ್ದರು. ಓಡುವವರ ಕಣ್ಣಿಗೆ ಬೀಳದ ಜಾಗದಲ್ಲಿ ಅಷ್ಟು ಚಂದ ಯಾಕೆ ಬರೆದರೋ! ಅವನ್ನು ಎಣಿಸುವಷ್ಟರಲ್ಲಿ ಹತ್ತು ಸೆಕೆಂಡು ಮುಗಿದುಹೋಗುತ್ತಿತ್ತು.

ಅದಕ್ಕೇ ಅವಳೊಂದು ಉಪಾಯ ಮಾಡಿದ್ದಳು. ಸೇತುವೆಯ ಮೇಲೆ ಸುಮ್ಮನೆ ನಿಂತುಬಿಡುವುದು. ಕಟ್ಟಿರುವೆ ಬಂದು ಹೊಡೆಯುತ್ತಿದ್ದ. ಅವಳು ಹಾಯಾಗಿ ತೇಲುತ್ತಿದ್ದಳು. ಈ ಗುಟ್ಟು ಅಣ್ಣನಿಗೆ ಗೊತ್ತಿರಲಿಲ್ಲ.

ಆಟ ಮುಗಿಯಿತು. ಇಪ್ಪತ್ತು–ಒಂಬತ್ತು. ಅಣ್ಣ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದ.

“ನಾನು ಸತ್ತಿದ್ದು ಏಳು ಸಲ. ನೀನು ಹದಿಮೂರು! ಆಟ ಆಡೋಕೆ ಬರ್ತೀಯೋ, ನಿದ್ದೆ ಮಾಡೋಕೆ ಬರ್ತೀಯೋ?”

“ಮೆಲ್ಲಗೆ ಮಾತಾಡೋ, ಸ್ಕ್ರೂ ಹಾರಿಹೋಗುತ್ತೆ,” ಎಂದರು ಅಪ್ಪ.

“ಇನ್ನೊಂದೇ ಆಟ,” ಅಣ್ಣ ದನಿ ತಗ್ಗಿಸಿದ. “ಇದೂ ಸೋತ್ರೆ ಮುಂದಿನ ವಾರದಿಂದ ನನ್ನ ಕ್ಲಾಸ್‌ಮೇಟ್‌ನ ಕರ್ಕೊಂಡು ಬರ್ತೀನಿ. ಆ ಕುರ್ಚಿ ಅವನಿಗೆ.”

ಹೈಸ್ಕೂಲು ಸೇರಿದ ಮೇಲೆ ಅಣ್ಣ ಬಸ್ ಸ್ಟಾಪಿಗೆ ಅವಳ ಜೊತೆ ನಡೆಯುತ್ತಿರಲಿಲ್ಲ. ಗೆಳೆಯರ ಎದುರು ಅವಳನ್ನು ಬಾಲಂಗೋಚಿ ಅನ್ನುತ್ತಿದ್ದ. ಅವನು ಅವಳನ್ನು ಸೇರಿಸಿ “ನಾವು” ಅನ್ನುತ್ತಿದ್ದದ್ದು ಈ ಗೇಮಿನಲ್ಲಿ ಮಾತ್ರ. ಅದೂ ಹೋದರೆ?

ಈ ಸಲ ಅವಳು ಎಲ್ಲೂ ನಿಲ್ಲಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಓಡಿದಳು. ಹಲ್ಲುನೋವನ್ನು ಎರಡು ಸಲ ಕೆಡವಿದಳು. “ಹಲ್ಲು ಕಿತ್ತೇಬಿಟ್ಟೆ ಕಣೇ!” ಎಂದು ಅಣ್ಣ ಕುಣಿದ. ಹದಿನೆಂಟು–ಹದಿನೆಂಟು. ಆಗ ಕಟ್ಟಿರುವೆ ಕಂಬದ ಹಿಂದಿನಿಂದ ನೆಗೆದು ಅವಳನ್ನು ಹೊಡೆದ. ಎದುರಾಳಿಗಳಿಗೆ ಹತ್ತೊಂಬತ್ತಾಯಿತು. ಇನ್ನೊಂದೇ ಪಾಯಿಂಟು.

ಮೋಡ ಮೇಲೆ ತೇಲಿದಳು. ಗೋಪುರದ ಕಡೆ ತಿರುಗಲಿಲ್ಲ. ಅಣ್ಣ ಎಲ್ಲಿದ್ದಾನೆ ಎಂದು ಮೊದಲ ಸಲ ಕೆಳಗೆ ನೋಡಿದಳು.

ಅಣ್ಣ ಕೋಟೆಯ ನಡುವೆ ಇದ್ದ. ಅವನ ಮುಂದೆಯೇ ಗುಂಡು ತಡೆಯುವ ಶೀಲ್ಡ್ ಮೂಡುತ್ತಿತ್ತು. ಎರಡು ಸೆಕೆಂಡು ಕಾದು ಅದನ್ನು ತೊಟ್ಟರೆ ಅವನು ಒಬ್ಬನೇ ಇಬ್ಬರನ್ನೂ ಎದುರಿಸಬಹುದಿತ್ತು.

ಅಷ್ಟರಲ್ಲಿ ದೂರದ ಮೂಲೆಯಲ್ಲಿ ಒಂದು ನೀಲಿ ದೀಪ ಹೊತ್ತಿಕೊಂಡಿತು. ಮೋಡ ಮತ್ತೆ ಹುಟ್ಟುವ ಜಾಗ ಅದು. ದೀಪ ಕಂಡದ್ದೇ ತಡ, ಅಣ್ಣ ಶೀಲ್ಡ್ ಬಿಟ್ಟು ಓಡಿದ. ಮರೆಯೇ ಇಲ್ಲದ ಸೇತುವೆಯ ಮೇಲೆ ಓಡಿದ. ಎರಡೂ ಕಡೆಯಿಂದ ಗುಂಡು ಬಂದವು. ಅವನು ಮೂಲೆ ಮುಟ್ಟಿ, ದೀಪಕ್ಕೆ ಬೆನ್ನು ಕೊಟ್ಟು, ಗನ್ ಹಿಡಿದು ನಿಂತ.

ಮೋಡ ಹುಟ್ಟಿ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಅಣ್ಣನ ಬೆನ್ನು. ಪ್ರತಿ ಸಲವೂ ಮೊದಲು ಕಾಣುತ್ತಿದ್ದದ್ದು ಅದೇ. ಸುಮ್ಮನೆ ಅಲ್ಲೇ ಎಲ್ಲೋ ಇದ್ದನೇನೋ ಎಂದು ಅವಳು ಅಂದುಕೊಂಡಿದ್ದಳು. ಆ ಬೆನ್ನು ಅವಳ ಕಣ್ಣೆದುರೇ ಕುಸಿಯಿತು. ಇಪ್ಪತ್ತು–ಹದಿನೆಂಟು.

ಮೋಡ ಕೀಬೋರ್ಡಿನಿಂದ ಕೈ ತೆಗೆದಳು.

“ಶೀಲ್ಡ್ ಯಾಕೆ ತಗೊಳ್ಲಿಲ್ಲ ಅಣ್ಣಾ?”

“ನೀನು ಹುಟ್ಟೋ ಮೂಲೇಲಿ ಅವ್ರು ಕಾಯ್ತಾ ಇರ್ತಾರಲ್ಲ. ಬರ್ತಿದ್ದ ಹಾಗೇ ಹೊಡೀತಾರೆ.”

“ಪ್ರತಿ ಸಲಾನೂ ಹೀಗೇ ಓಡಿ ಬರ್ತಿದ್ಯಾ?”

“ಮತ್ತಿನ್ನೇನು? ಹುಟ್ಟಿದಾಗ ಸಿಗೋ ಚಿಕ್ಕ ಗನ್ ಇಟ್ಕೊಂಡು ಒಬ್ಳೇ ಏನ್ ಮಾಡ್ತಿದ್ದೆ?” ಅದೇನು ಕೇಳುವ ವಿಷಯವೇ ಎಂಬಂತೆ ಅಂದ.

ಮೊದಲ ಆಟದ ಆ ಏಳು ಸಲ ಅಣ್ಣ ಎಲ್ಲಿ ಬಿದ್ದಿದ್ದ ಎಂದು ಅವಳಿಗೆ ಈಗ ತಿಳಿಯಿತು. ಅವಳು ಗೋಪುರದಲ್ಲಿ ನಕ್ಷತ್ರ ಎಣಿಸುತ್ತಿದ್ದಾಗ ಕೆಳಗೆ ಅವನು ಓಡುತ್ತಿದ್ದ. ಸೇತುವೆಯ ಗುಟ್ಟು ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಕುರ್ಚಿ ಹೋದಂತೆಯೇ.

“ಅಣ್ಣಾ, ಮೊದಲ್ನೇ ಆಟದಲ್ಲಿ ನಾನು ಬೇಕಂತಲೇ ಸಾಯ್ತಿದ್ದೆ.”

ಅಣ್ಣ ತಿರುಗಿದ. “ಏನಂದೆ?”

“ಸತ್ರೆ ಮೇಲಿಂದ ನೋಡಬಹುದಲ್ಲ, ಅದಕ್ಕೆ.”

ಮೂಲೆಯಲ್ಲಿ ಅಪ್ಪನ ಕೈ ನಿಂತಿತು. ಅಣ್ಣನ ಮುಖ ಮೊದಲು ಕೆಂಪಾಯಿತು, ಆಮೇಲೆ ಚಿಕ್ಕದಾಯಿತು. ಅವನು ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಅಂಥದ್ದೇನೇ ಕಾಣುತ್ತೆ ಅಲ್ಲಿಂದ?” ಎಂದು ಕೊನೆಗೆ ಕೇಳಿದ.

ಮೋಡ ಪರದೆಯ ಮೇಲಿನ ಕೋಟೆಯನ್ನು ನೋಡಿದಳು.

“ಇವತ್ತು ನೀನು ಕಂಡೆ,” ಎಂದಳು.

ಅಣ್ಣ ಹೆಡ್‌ಫೋನ್ ಎತ್ತಿಕೊಂಡು, ಅದರ ವೈರಿನ ಗಂಟನ್ನು ಬಹಳ ಹೊತ್ತು ಬಿಡಿಸಿದ.

“ಎರಡು ಪಾಯಿಂಟಲ್ಲಿ ಸೋತಿದ್ದನ್ನ ಯಾರಾದ್ರೂ ಸೋಲು ಅಂತಾರಾ?” ಎಂದ ಆಮೇಲೆ, ಪರದೆಯನ್ನೇ ನೋಡುತ್ತ. “ಕುರ್ಚಿ ಹತ್ರಕ್ಕೆ ಎಳ್ಕೋ.”

ಕೋಟೆ ಮತ್ತೆ ತೆರೆಯಿತು. ಮೋಡ ಅಣ್ಣನ ಪಕ್ಕದಲ್ಲೇ, ನೆಲದ ಮೇಲೆ ಓಡಿದಳು.